ಅಂಡಮಾನಿಗೆ ಹೊರಡುವ ಮುಂಚೆ ಸಮುದ್ರವನ್ನು ಕೇಳಿ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಸುಮಾರು ಜನ ಈ ಚಳಿಗಾಲದಲ್ಲಿ ಅಂಡಮಾನಿಗೆ ಹೊರಟಿದ್ದೀರಿ ಎಂದು ಗೊತ್ತಾಯಿತು. ಕೆಲವರು ವಿಮಾನದ ಟಿಕೆಟ್ ಕೂಡ ಮಾಡಿಸಿದ್ದೀರಿ. ಆಗಲೇ ಬಾಗಿಲ ಹತ್ತಿರ ಒಬ್ಬರು ತಮ್ಮ ಪ್ಲಾನ್ ತೋರಿಸಿದರು. ಐದು ದಿನ, ಹನ್ನೊಂದು ಜಾಗ. ಬೆಳಿಗ್ಗೆ ಒಂದು ದ್ವೀಪ, ಮಧ್ಯಾಹ್ನ ಇನ್ನೊಂದು. ಕೊನೆಯ ದಿನ ಬೆಳಿಗ್ಗೆ ಹ್ಯಾವ್‌ಲಾಕ್ ದ್ವೀಪದಿಂದ ಹಡಗು ಹತ್ತಿ, ಮಧ್ಯಾಹ್ನವೇ ವಿಮಾನ. ಅವರನ್ನು ಕೇಳಿಯೇ ಈ ಪ್ಲಾನನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಯಾಕೆಂದರೆ ನಮ್ಮಲ್ಲಿ ಬಹಳ ಜನ ಹೀಗೇ ಪ್ಲಾನ್ ಮಾಡುತ್ತೇವೆ. ಮೈಸೂರು, ಮಡಿಕೇರಿ, ಚಿಕ್ಕಮಗಳೂರಿಗೆ ಹೋಗುವಾಗ ಇದು ನಡೆಯುತ್ತದೆ. ರಸ್ತೆ ಇರುತ್ತದೆ, ತಡವಾದರೆ ಒಂದು ಗಂಟೆ ತಡವಾಗಿ ತಲುಪುತ್ತೇವೆ, ಅಷ್ಟೇ. ದ್ವೀಪದಲ್ಲಿ ಹಾಗಲ್ಲ. ಅಲ್ಲಿ ಯಾವಾಗ ಹೊರಡಬೇಕು, ಯಾವಾಗ ನೀರಿಗಿಳಿಯಬೇಕು, ಯಾವಾಗ ಸುಮ್ಮನೆ ಕೂರಬೇಕು ಅನ್ನುವುದನ್ನು ಸಮುದ್ರ ಹೇಳುತ್ತದೆ. ಅದಕ್ಕೆ ಜಾಗ ಬಿಟ್ಟು ಪ್ಲಾನ್ ಮಾಡಿದವರು ಖುಷಿಯಾಗಿ ಬರುತ್ತಾರೆ. ಬಿಡದವರು ಜೆಟ್ಟಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಸೂಟ್‌ಕೇಸ್ ಮೇಲೆ ಕೂತು ಫೋನ್ ಮಾಡುತ್ತಿರುತ್ತಾರೆ. ಇವತ್ತು ನಾನು ಹೇಳಬೇಕಾಗಿರುವುದು ಹೆಚ್ಚುಕಡಿಮೆ ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ಹೆಸರುಗಳ ವಿಷಯ, ಟಿಕೆಟ್ ಮಾಡಿಸುವಾಗ ಗೊಂದಲ ಆಗದಿರಲಿ ಎಂದು. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ, ರಾಸ್‌ಗೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಎಂದು ಹೆಸರಿಟ್ಟರು. 2024ರಲ್ಲಿ ರಾಜಧಾನಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯ ಪುರಂ ಆಯಿತು. ಹಡಗಿನ ಟಿಕೆಟ್‌ನಲ್ಲಿ ಒಂದು ಹೆಸರು, ಹೋಟೆಲಿನವರ ಬಾಯಲ್ಲಿ ಇನ್ನೊಂದು ಇರಬಹುದು. ಎರಡೂ ಒಂದೇ ಜಾಗ. ನಾನು ಇವತ್ತು ಹಳೆಯ ಹೆಸರುಗಳನ್ನೇ ಜಾಸ್ತಿ ಬಳಸುತ್ತೇನೆ, ನಿಮಗೆ ಅವು ಪರಿಚಯ ಎಂಬ ಕಾರಣಕ್ಕೆ.

ಈಗ ಮಳೆ. ಪ್ರತಿವರ್ಷ ಮೇ ಮೂರನೇ ವಾರ ನಮ್ಮ ಪತ್ರಿಕೆಗಳಲ್ಲಿ 'ಅಂಡಮಾನಿಗೆ ಮುಂಗಾರು ಪ್ರವೇಶ' ಎಂದು ಸುದ್ದಿ ಬರುತ್ತದೆ. ಇನ್ನು ಹತ್ತು ದಿನಕ್ಕೆ ಕೇರಳ, ಆಮೇಲೆ ನಾವು ಎಂದು ಲೆಕ್ಕ ಹಾಕಿ ಖುಷಿಪಡುತ್ತೇವೆ. ಆದರೆ ಅದೇ ವಾರ, ಮಕ್ಕಳ ಶಾಲೆ ಶುರುವಾಗುವ ಮುಂಚೆ ಹೋಗಿಬರೋಣ ಎಂದು ಅಂಡಮಾನಿಗೆ ಹೊರಟವರು ನೇರ ಆ ಮಳೆಯೊಳಗೇ ಇಳಿಯುತ್ತಾರೆ. ಅಲ್ಲಿಗೆ ಮುಂಗಾರೂ ಬರುತ್ತದೆ, ಹಿಂಗಾರೂ ಬರುತ್ತದೆ. ಮೇ ಕೊನೆಯಿಂದ ನವೆಂಬರ್‌ವರೆಗೆ ಬಿಟ್ಟುಬಿಟ್ಟು ಸುರಿಯುತ್ತಲೇ ಇರುತ್ತದೆ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಬೆಂಗಳೂರಿನ ಮೂರು ವರ್ಷದ ಮಳೆ ಅಲ್ಲಿ ಒಂದೇ ವರ್ಷಕ್ಕೆ ಬೀಳುತ್ತದೆ. ಹಾಗಾಗಿ ಡಿಸೆಂಬರ್ ನಡುವಿನಿಂದ ಏಪ್ರಿಲ್‌ವರೆಗೆ ಹೋಗುವುದು ಒಳ್ಳೆಯದು. ನನ್ನನ್ನು ಕೇಳಿದರೆ ಫೆಬ್ರುವರಿ ಮತ್ತು ಮಾರ್ಚ್ ಎಲ್ಲಕ್ಕಿಂತ ಒಳ್ಳೆಯದು. ಸಮುದ್ರ ತಣ್ಣಗಿರುತ್ತದೆ, ಅಂದರೆ ಅಲೆ ಕಮ್ಮಿ. ನೀರು ತಿಳಿಯಾಗಿರುತ್ತದೆ. ಹೊಸ ವರ್ಷದ ನೂಕುನುಗ್ಗಲೂ ಮುಗಿದಿರುತ್ತದೆ.

ಡಿಸೆಂಬರ್‌ನಲ್ಲೂ ಪೂರ್ತಿ ನಿಶ್ಚಿಂತೆ ಇಲ್ಲ. 2016ರ ಡಿಸೆಂಬರ್ ಮೊದಲ ವಾರ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಯಿತು. ಆಮೇಲೆ ಚೆನ್ನೈಗೆ ಅಪ್ಪಳಿಸಿದ ವರ್ಧಾ ಚಂಡಮಾರುತ ಅದೇ. ಹಡಗುಗಳು ನಿಂತುಹೋದವು. ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಕೊಂಡರು. ಮಳೆ, ಗಾಳಿ, ಕರೆಂಟ್ ಇಲ್ಲ. ಕೊನೆಗೆ ನೌಕಾಪಡೆ, ಕರಾವಳಿ ಕಾವಲು ಪಡೆ ಮತ್ತು ವಾಯುಪಡೆ ಸೇರಿ ಅವರನ್ನು ಕರೆತರಬೇಕಾಯಿತು. ಹೆದರಿಸಲು ಹೇಳುತ್ತಿಲ್ಲ. ವಿಮಾನದ ಟಿಕೆಟ್ಟನ್ನು ದಿನಾಂಕ ಬದಲಿಸಬಹುದಾದ ಹಾಗೆ ಮಾಡಿಸಿ. ಮಾತ್ರೆ ತೆಗೆದುಕೊಳ್ಳುವವರು ಮೂರ್ನಾಲ್ಕು ದಿನದ್ದು ಜಾಸ್ತಿಯೇ ಇಟ್ಟುಕೊಳ್ಳಿ. ಹೊರಡುವ ಮುಂಚೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಹೈದರಾಬಾದಿನಲ್ಲಿ ಇನ್‌ಕಾಯಿಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಎತ್ತರದ ಅಲೆಗಳ ಬಗ್ಗೆ, ಸುನಾಮಿಯ ಬಗ್ಗೆ ಎಚ್ಚರಿಕೆ ಕೊಡುವುದು ಅವರೇ. ಅದನ್ನೂ ನೋಡುವುದು ರೂಢಿ ಮಾಡಿಕೊಳ್ಳಿ.

ಬೆಂಗಳೂರಿನಿಂದ ನೇರ ವಿಮಾನ ಸಿಕ್ಕರೆ ಎರಡೂವರೆ ಗಂಟೆಯ ದಾರಿ. ಅಕ್ಷಾಂಶ ನೋಡಿದರೆ ಪೋರ್ಟ್ ಬ್ಲೇರ್ ಹೆಚ್ಚುಕಡಿಮೆ ಮೈಸೂರಿನ ಸಾಲಿನಲ್ಲೇ ಇದೆ. ಆದರೆ ಪೂರ್ವಕ್ಕೆ ತುಂಬಾ ದೂರ. ಗಡಿಯಾರ ಮಾತ್ರ ಭಾರತದ್ದೇ. ಇದರ ಪರಿಣಾಮ ಏನು ಗೊತ್ತಾ? ಬೆಂಗಳೂರಿಗಿಂತ ಒಂದು ಗಂಟೆ ಮೊದಲೇ ಅಲ್ಲಿ ಬೆಳಕಾಗುತ್ತದೆ, ಒಂದು ಗಂಟೆ ಮೊದಲೇ ಕತ್ತಲಾಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ ಸೂರ್ಯ ಮುಳುಗಿರುತ್ತಾನೆ. ಮೇ ತಿಂಗಳಲ್ಲಿ ಬೆಳಿಗ್ಗೆ ಐದಕ್ಕೇ ಹುಟ್ಟುತ್ತಾನೆ.

ಇದನ್ನು ತಿಳಿಯದೆ ಎಷ್ಟೋ ಜನ ಒಂದಿಡೀ ಪ್ರವಾಸವನ್ನು ಅರ್ಧ ಮಾಡಿಕೊಳ್ಳುತ್ತಾರೆ. ಊರಲ್ಲಿ ರಜೆಯ ದಿನ ಮಾಡುವ ಹಾಗೆ ಎಂಟಕ್ಕೆ ಏಳುತ್ತಾರೆ, ಹತ್ತಕ್ಕೆ ತಿಂಡಿ ತಿನ್ನುತ್ತಾರೆ, ಸುಡುಬಿಸಿಲಲ್ಲಿ ಹನ್ನೊಂದಕ್ಕೆ ಬೀಚಿಗೆ ಬರುತ್ತಾರೆ. ಸಂಜೆ ಆರಕ್ಕೆ ಹ್ಯಾವ್‌ಲಾಕ್‌ನ ರಾಧಾನಗರ ಬೀಚಿಗೆ ಸೂರ್ಯಾಸ್ತ ನೋಡಲು ಹೊರಟರೆ ಅಲ್ಲಿ ಕತ್ತಲು. ಅಲ್ಲಿನ ಗಡಿಯಾರಕ್ಕೆ ಹೊಂದಿಕೊಳ್ಳಿ. ಐದೂವರೆಗೆ ಏಳಿ. ಆರರಿಂದ ಒಂಬತ್ತು, ಇಡೀ ದಿನದಲ್ಲಿ ಅದೇ ಒಳ್ಳೆಯ ಹೊತ್ತು. ಬೀಚಿನಲ್ಲಿ ಜನ ಇರುವುದಿಲ್ಲ, ಬಿಸಿಲು ಹಿತವಾಗಿರುತ್ತದೆ. ಹನ್ನೊಂದರಿಂದ ಎರಡೂವರೆವರೆಗೆ ಊಟ ಮಾಡಿ ಮಲಗಿ. ಮೂರಕ್ಕೆ ಮತ್ತೆ ಹೊರಡಿ. ರಾತ್ರಿ ಒಂಬತ್ತಕ್ಕೆ ನಿದ್ದೆ ತಾನಾಗಿಯೇ ಬರುತ್ತದೆ.

ಈಗ ಹಡಗಿನ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹ್ಯಾವ್‌ಲಾಕ್ ಪೋರ್ಟ್ ಬ್ಲೇರ್‌ನಿಂದ ಸುಮಾರು 40 ಕಿ.ಮೀ. ದೂರ. ನೀಲ್ ಅದಕ್ಕಿಂತ ತುಸು ಹತ್ತಿರ. ಸರ್ಕಾರಿ ಹಡಗುಗಳು ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುತ್ತವೆ. ಹ್ಯಾವ್‌ಲಾಕ್‌ಗೆ ಎರಡೂವರೆ ಗಂಟೆ ಹಿಡಿಯುತ್ತದೆ. ಖಾಸಗಿಯವರ ವೇಗದ ಹಡಗುಗಳಲ್ಲಿ, ಮಕ್ರೂಜ್, ನಾಟಿಕಾ, ಗ್ರೀನ್ ಓಷನ್ ಇಂಥವುಗಳಲ್ಲಿ, ಒಂದೂವರೆ ಎರಡು ಗಂಟೆ ಸಾಕು. ಟಿಕೆಟ್ ದರ ಜಾಸ್ತಿ. ನಮ್ಮಂಥ ಪ್ರವಾಸಿಗರು ಖಾಸಗಿ ಹಡಗನ್ನೇ ಹಿಡಿಯುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಬೇಗ ತಲುಪುತ್ತೇವೆ ಎಂಬುದು ಒಂದು ಕಾರಣ. ಇನ್ನೂ ಮುಖ್ಯ ಕಾರಣ ಬೇರೆ. ಸರ್ಕಾರಿ ಹಡಗು ದ್ವೀಪದ ಜನರ ಬಸ್ಸು. ಅವರು ಆಸ್ಪತ್ರೆಗೆ, ಕಾಲೇಜಿಗೆ, ಕಚೇರಿಗೆ ಹೋಗುವುದು ಅದರಲ್ಲೇ. ರಜೆಯ ಸಮಯದಲ್ಲಿ ಆ ಸೀಟುಗಳನ್ನೂ ನಾವೇ ತುಂಬಿಸಿಬಿಟ್ಟರೆ ಅವರಿಗೆ ಬೇರೆ ದಾರಿ ಇಲ್ಲ.

ಡಿಸೆಂಬರ್, ಜನವರಿಗೆ ಹೋಗುವವರು ವಿಮಾನದ ಜೊತೆಯಲ್ಲೇ ಹಡಗಿನ ಟಿಕೆಟ್ ಮಾಡಿಸಿ. ಬೆಳಗಿನ ಹಡಗನ್ನು ಆರಿಸಿಕೊಳ್ಳಿ. ಒಂದು ಗಂಟೆ ಮುಂಚೆ ಜೆಟ್ಟಿಯಲ್ಲಿರಿ. ಫೋಟೋ ಇರುವ ಗುರುತಿನ ಚೀಟಿ ಮನೆಯವರೆಲ್ಲರದ್ದೂ ಬೇಕು, ಮಕ್ಕಳದ್ದೂ.

ಹೊಟ್ಟೆ ತೊಳೆಸುವವರಿಗೆ ಒಂದು ಮಾತು. ಘಟ್ಟದ ರಸ್ತೆಯಲ್ಲಿ ವಾಂತಿ ಆಗುವವರಿಗೆ ಹಡಗಿನಲ್ಲೂ ಆಗಬಹುದು. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಹೊರಟ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಯಾವ ಮಾತ್ರೆ ಎಂದು ನಿಮ್ಮ ಡಾಕ್ಟರನ್ನು ಕೇಳಿ, ಬಿ.ಪಿ. ಇರುವವರು, ವಯಸ್ಸಾದವರು ಕೇಳಲೇಬೇಕು. ಬರೀ ಹೊಟ್ಟೆ ಬೇಡ, ಎಣ್ಣೆ ತಿಂಡಿಯೂ ಬೇಡ. ಎರಡು ಇಡ್ಲಿ ತಿಂದು ಹತ್ತಿ. ಮುಂದಿನ ಸಾಲಿನ ಸೀಟು ಬೇಡ, ಅಲೆಗೆ ಏರಿಳಿಯುವುದು ಹಡಗಿನ ಮುಂಭಾಗವೇ ಜಾಸ್ತಿ. ನಡುವೆ ಅಥವಾ ಹಿಂದೆ, ಕೆಳಗಿನ ಅಂತಸ್ತಿನಲ್ಲಿ ಕೂರಿ. ಫೋನ್ ನೋಡಬೇಡಿ. ಕಿಟಕಿಯಾಚೆ ಬಾನೂ ನೀರೂ ಸೇರುವ ಗೆರೆ ನೋಡುತ್ತಾ ಇರಿ.

ಇನ್ನು ಆ ಪ್ಲಾನ್‌ನ ಕೊನೆಯ ದಿನ. ಬೆಳಿಗ್ಗೆ ಹಡಗು, ಮಧ್ಯಾಹ್ನ ವಿಮಾನ. ಇದನ್ನು ಮಾತ್ರ ದಯವಿಟ್ಟು ಬದಲಿಸಿ. ಸಮುದ್ರ ಒರಟಾಗಿದ್ದರೆ ಬಂದರಿನವರು ಹಡಗು ಬಿಡುವುದಿಲ್ಲ, ಬಿಡಬಾರದು ಕೂಡ. ವಿಮಾನ ನಿಮಗಾಗಿ ಕಾಯುವುದಿಲ್ಲ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ಮೊದಲ ದಿನ ನೋಡಬೇಕೆಂದಿದ್ದ ಸೆಲ್ಯುಲರ್ ಜೈಲನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ವಿಮಾನ ಇಳಿದ ದಿನವೇ ಹಡಗು ಸಿಕ್ಕರೆ ಹ್ಯಾವ್‌ಲಾಕ್‌ಗೆ ಹೋಗಿಬಿಡಿ. ಐದು ದಿನಕ್ಕೆ ನಾನು ಹೇಳುವುದು ಹೀಗೆ: ಹ್ಯಾವ್‌ಲಾಕ್‌ನಲ್ಲಿ ಎರಡು ರಾತ್ರಿ, ನೀಲ್‌ನಲ್ಲಿ ಒಂದು ರಾತ್ರಿ, ಪೋರ್ಟ್ ಬ್ಲೇರ್‌ನಲ್ಲಿ ಒಂದು ರಾತ್ರಿ. ಹನ್ನೊಂದು ಜಾಗ ಐದಾರಕ್ಕೆ ಇಳಿಯುತ್ತದೆ. ಇಳಿಯಲಿ. ನೀಲ್ ಅನ್ನು ಎರಡು ಗಂಟೆಯಲ್ಲಿ 'ಮುಗಿಸುವ' ಪ್ಯಾಕೇಜುಗಳಿವೆ. ಆ ಸಣ್ಣ ದ್ವೀಪದ ಸುಖ ಇರುವುದು ಸೈಕಲ್ ಹತ್ತಿ ಗದ್ದೆ, ತೋಟದ ನಡುವೆ ಸುಮ್ನೆ ಸುತ್ತುವುದರಲ್ಲಿ. ಅಲ್ಲಿನ ಬೀಚುಗಳಿಗೆ ಭರತ್‌ಪುರ, ಲಕ್ಷ್ಮಣ್‌ಪುರ, ಸೀತಾಪುರ ಎಂದು ಹೆಸರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟಿತು. ಇವತ್ತು ಸುತ್ತಲ ದ್ವೀಪಗಳಿಗೆ ತರಕಾರಿ ಬೆಳೆದು ಕೊಡುವುದು ಅವರ ಮಕ್ಕಳು ಮೊಮ್ಮಕ್ಕಳೇ.

ಲಕ್ಷ್ಮಣ್‌ಪುರದ ಎರಡನೇ ಬೀಚಿನಲ್ಲಿ ಕಲ್ಲಿನ ಸಹಜ ಸೇತುವೆ ಇದೆ. ಅದನ್ನು ನೋಡಲು ಇಳಿತದ ಹೊತ್ತಿಗೇ ಹೋಗಬೇಕು. ನೀರು ಇಳಿದಾಗ ಬಂಡೆಗಳ ನಡುವಿನ ಹೊಂಡಗಳಲ್ಲಿ ಏಡಿ, ನಕ್ಷತ್ರ ಮೀನು, ಸಣ್ಣ ಬಣ್ಣದ ಮೀನುಗಳೆಲ್ಲ ಸಿಗುತ್ತವೆ. ಉಬ್ಬರದಲ್ಲಿ ಹೋದರೆ ಅಲ್ಲಿಗೆ ನಡೆಯುವ ದಾರಿಯೇ ಮುಳುಗಿರುತ್ತದೆ. ಭರತ್‌ಪುರದಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿ ದೋಣಿ ಹೋಗಲು ನೀರು ತುಂಬಿರಬೇಕು. ನಮ್ಮ ಉಡುಪಿ, ಕಾರವಾರ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಒಳನಾಡಿನವರಿಗೆ ಹೇಳುತ್ತೇನೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ತುಂಬಾ ಏರುತ್ತದೆ, ತುಂಬಾ ಇಳಿಯುತ್ತದೆ. ಅಷ್ಟಮಿಯ ಹತ್ತಿರ ವ್ಯತ್ಯಾಸ ಕಡಿಮೆ. ಮನೆಯ ಗೋಡೆಯ ಕ್ಯಾಲೆಂಡರ್ ನೋಡಿದರೆ ಯಾವ ದಿನ ಹೇಗೆ ಎಂಬ ಅಂದಾಜು ಸಿಗುತ್ತದೆ. ಗಂಟೆ ಎಷ್ಟಕ್ಕೆ ಎಂದು ಹಿಂದಿನ ರಾತ್ರಿ ಹೋಟೆಲಿನವರನ್ನು ಕೇಳಿ. ಮಾರನೆಯ ದಿನದ ಕಾರ್ಯಕ್ರಮ ಅದರ ಮೇಲೆ ನಿಲ್ಲಲಿ.

"ಮೇಡಂ, ನಮಗೆ ಈಜು ಬರಲ್ಲ. ನೀರಿಗಿಳಿಯಬಹುದಾ?" ಎಂದು ಒಬ್ಬರು ಕೇಳಿದರು.

ಇಳಿಯಬಹುದು, ಆದರೆ ಎಲ್ಲಿ ಎಂದು ನೋಡಿ. ರಾಧಾನಗರ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವಂಥದ್ದು. ಅದೇ ಸಲ ನಮ್ಮ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡಿಗೂ ಸಿಕ್ಕಿತ್ತು. ರಾಧಾನಗರದಲ್ಲಿ ಜೀವರಕ್ಷಕರು ಇರುತ್ತಾರೆ, ಇಳಿಯಬಹುದಾದ ಜಾಗವನ್ನು ಗುರುತು ಮಾಡಿರುತ್ತಾರೆ. ಅದರೊಳಗೇ ಇರಿ. ಸೊಂಟದ ನೀರು ದಾಟಬೇಡಿ. ಎಂದಾದರೂ ನೀರು ಒಳಕ್ಕೆ ಎಳೆಯುತ್ತಿದೆ ಎನಿಸಿದರೆ ದಡದ ಕಡೆಗೇ ಗುದ್ದಾಡಿ ಸುಸ್ತಾಗಬೇಡಿ. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಬಾರದವರು ಬೆನ್ನ ಮೇಲೆ ತೇಲಿ, ಕೈ ಎತ್ತಿ ಕರೆಯಿರಿ. ಗೆಳೆಯರ ಗುಂಪು ಕುಡಿದು ನೀರಿಗಿಳಿಯುವುದನ್ನು ಬೀಚಿಗೆ ಹೋದಾಗಲೆಲ್ಲ ನೋಡುತ್ತೇನೆ. ಆ ಗುಂಪಿನಲ್ಲಿ ನೀವಿದ್ದರೆ ತಡೆಯಿರಿ. ಬೇಜಾರಾದರೂ ಆಗಲಿ.

ಮೊಸಳೆಯ ವಿಷಯ ಕೆಲವು ಏಜೆಂಟರು ಹೇಳುವುದೇ ಇಲ್ಲ. ಅಂಡಮಾನಿನ ಕಾಂಡ್ಲಾ ಕಾಡು (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಮತ್ತು ಹಿನ್ನೀರಿನ ತೋಡುಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಅವು ಸಮುದ್ರದಲ್ಲೂ ಈಜಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತವೆ. 2010ರಲ್ಲಿ ರಾಧಾನಗರದ ಪಕ್ಕದ ಕೊಲ್ಲಿಯಲ್ಲಿ ಒಬ್ಬ ವಿದೇಶಿ ಪ್ರವಾಸಿ ಮೊಸಳೆಗೆ ಬಲಿಯಾದರು. ಎಚ್ಚರಿಕೆ ಫಲಕ ಇರುವ ಕಡೆ, ತೋಡು ಸಮುದ್ರ ಸೇರುವ ಕಡೆ, ಮುಸ್ಸಂಜೆಯಲ್ಲಿ ನೀರಿಗೆ ಕಾಲಿಡಬೇಡಿ. ಜನ ಇಲ್ಲದ ಬೀಚು ಸಿಕ್ಕಿತೆಂದು ಖುಷಿಯಾಗುವ ಮುಂಚೆ ಯಾಕೆ ಜನ ಇಲ್ಲ ಎಂದು ಊರಿನವರನ್ನು ಒಮ್ಮೆ ಕೇಳಿ.

ಸ್ಕೂಬಾ ಬಗ್ಗೆ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಮುಳುಗುವ ಬಗ್ಗೆ, ತುಂಬಾ ಜನ ಚೀಟಿ ಬರೆದು ಕಳಿಸಿದ್ದೀರಿ. ಮೊದಲ ಸಲ ಮಾಡುವವರಿಗೆ ಈಜು ಬರಲೇಬೇಕೆಂದಿಲ್ಲ. ಪರಿಣತರೊಬ್ಬರು ಹಿಡಿದುಕೊಂಡೇ ಇರುತ್ತಾರೆ, 12 ಮೀಟರಿಗಿಂತ ಆಳಕ್ಕೆ ಒಯ್ಯುವುದಿಲ್ಲ. ಮಕ್ಕಳಿಗೆ ಹತ್ತು ವರ್ಷ ತುಂಬಿರಬೇಕು. ಮುಳುಗುವ ಮುಂಚೆ ಆರೋಗ್ಯದ ಫಾರಂ ಕೊಡುತ್ತಾರೆ. ಅಸ್ತಮಾ, ಹೃದಯದ ತೊಂದರೆ, ಕಿವಿ ಅಥವಾ ಸೈನಸ್ ತೊಂದರೆ, ಇತ್ತೀಚಿನ ಆಪರೇಷನ್, ಗರ್ಭಿಣಿ, ಇವೆಲ್ಲ ಕೇಳಿರುತ್ತದೆ. ದುಡ್ಡು ಕಟ್ಟಿದ್ದೇವೆ ಎಂದು ಎಲ್ಲದಕ್ಕೂ 'ಇಲ್ಲ' ಎಂದು ಬರೆಯಬೇಡಿ. ನೆಗಡಿ ಇದ್ದರೂ ಆ ದಿನ ಬೇಡ. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸರಿಹೋಗುವುದಿಲ್ಲ, ಕಿವಿಯ ತಮಟೆಗೆ ಪೆಟ್ಟಾಗುತ್ತದೆ. ಒಬ್ಬ ಪರಿಣತರಿಗೆ ಎಷ್ಟು ಜನ ಎಂದು ಕೇಳಿ. ಮೊದಲ ಸಲದವರಿಗೆ ಒಬ್ಬರಿಗೊಬ್ಬರು ಇರಬೇಕು. ಮುರ್ಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಒಮ್ಮೆ ಮಾಡಿ ನೋಡಿದವರಿಗೆ ಅಂಡಮಾನಿನಲ್ಲಿ ಹೆದರಿಕೆ ಅರ್ಧ ಕಮ್ಮಿ ಇರುತ್ತದೆ.

ಸ್ಕೂಬಾ ಮಾಡಿದ ಮೇಲೆ ಒಂದು ಪೂರ್ತಿ ದಿನ ವಿಮಾನ ಹತ್ತಬಾರದು. ಆಳದ ಒತ್ತಡದಲ್ಲಿ ಉಸಿರಾಡಿದಾಗ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ ಕರಗಿರುತ್ತದೆ. ಅದು ನಿಧಾನವಾಗಿ ಹೊರಗೆ ಹೋಗಬೇಕು. ಅಷ್ಟರೊಳಗೆ ವಿಮಾನ ಏರಿದರೆ ಅಲ್ಲಿ ಗಾಳಿಯ ಒತ್ತಡ ಕಡಿಮೆ, ಕರಗಿದ ಅನಿಲ ಗುಳ್ಳೆಗಳಾಗುತ್ತದೆ. ಸಂದುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಹಾಗಾಗಿ ಸ್ಕೂಬಾ ಹ್ಯಾವ್‌ಲಾಕ್‌ನ ಎರಡನೇ ದಿನವೇ ಆಗಿಬಿಡಲಿ. ಕೊನೆಯ ದಿನ ಪೋರ್ಟ್ ಬ್ಲೇರ್‌ನಲ್ಲಿರಿ ಎಂದೆನಲ್ಲ, ಅದು ಇದಕ್ಕೂ ಉಪಯೋಗಕ್ಕೆ ಬರುತ್ತದೆ.

ನೀರೊಳಗೆ ಏನನ್ನೂ ಮುಟ್ಟಬೇಡಿ. ಹವಳ ಕಲ್ಲಿನ ಹಾಗೆ ಕಾಣುತ್ತದೆ, ಆದರೆ ಅದು ಜೀವ. ಎಷ್ಟೋ ಜಾತಿಯವು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟೂ ಬೆಳೆಯುವುದಿಲ್ಲ. ಸುಸ್ತಾಯಿತೆಂದು ಅದರ ಮೇಲೆ ನಿಂತರೆ ನಮ್ಮ ಕಾಲೂ ಕುಯ್ಯುತ್ತದೆ, ಹತ್ತಾರು ವರ್ಷದ ಬೆಳವಣಿಗೆಯೂ ಮುರಿಯುತ್ತದೆ. 2010ರ ಬೇಸಿಗೆಯಲ್ಲಿ ಸಮುದ್ರದ ನೀರು ಕಾದು ಅಂಡಮಾನಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತ್ತು. ಉಳಿದದ್ದು, ಮತ್ತೆ ಚಿಗುರಿದ್ದು ಈಗ ನಾವು ನೋಡುವುದು. ಸನ್‌ಸ್ಕ್ರೀನ್ ಬಳಿದುಕೊಂಡು ಇಳಿಯುವ ಬದಲು ಉದ್ದ ತೋಳಿನ ಈಜು ಅಂಗಿ ಹಾಕಿಕೊಳ್ಳಿ. ಬಿಸಿಲಿಗೂ ಅದೇ ಒಳ್ಳೆಯದು.

ಬೀಚಿನಲ್ಲಿ ಬಿದ್ದಿರುವ ಚಿಪ್ಪು, ಹವಳದ ತುಂಡು ತರಬೇಡಿ. ಒಂದೇ ಒಂದು, ಮಗು ಆಸೆಪಟ್ಟಿತು ಎಂದರೂ ಬೇಡ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆ ಮಾಡುವಾಗ ಅದನ್ನೇ ಹುಡುಕುತ್ತಾರೆ. ಹವಳ ಮತ್ತು ಕೆಲವು ಜಾತಿಯ ಚಿಪ್ಪುಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ನೆನಪಿಗೆ ಏನಾದರೂ ಬೇಕೆಂದರೆ ಅನುಮತಿ ಇರುವ ಅಂಗಡಿಯಲ್ಲಿ ಕೊಂಡು ರಸೀದಿ ಇಟ್ಟುಕೊಳ್ಳಿ.

"ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?" ಸಿಗುತ್ತದೆ. ಪೋರ್ಟ್ ಬ್ಲೇರ್‌ನಲ್ಲಿ ತಮಿಳರು ತುಂಬಾ ಜನ ಇದ್ದಾರೆ, ಇಡ್ಲಿ ದೋಸೆಗೆ ಕೊರತೆ ಇಲ್ಲ. ಹ್ಯಾವ್‌ಲಾಕ್, ನೀಲ್‌ನಲ್ಲಿ ಬಂಗಾಳಿ ಅಡುಗೆ. ಅನ್ನ, ಬೇಳೆ, ತರಕಾರಿ ಪಲ್ಯ ಎಲ್ಲ ಹೋಟೆಲಿನಲ್ಲೂ ಇರುತ್ತದೆ. ಮೀನು ತಿನ್ನುವವರಂತೂ ಹೇಳುವುದೇ ಬೇಡ. ಹಿಂದಿ ಎಲ್ಲರಿಗೂ ಬರುತ್ತದೆ. ಬಂಗಾಳಿ, ತಮಿಳು, ತೆಲುಗು, ಮಲಯಾಳ, ಜಾರ್ಖಂಡಿನ ಕಡೆಯಿಂದ ಬಂದವರು, ಎಲ್ಲರಿಗೂ ನಡುವಿನ ಭಾಷೆ ಅದೇ.

ಬೆಲೆ ಜಾಸ್ತಿ ಎಂದು ಅಂಗಡಿಯವನ ಮೇಲೆ ರೇಗಬೇಡಿ. ಅಕ್ಕಿ, ಎಣ್ಣೆ, ಸಿಮೆಂಟು, ಡೀಸೆಲ್, ಬಿಸ್ಕತ್ತು, ಎಲ್ಲವೂ ಚೆನ್ನೈ, ಕೋಲ್ಕತ್ತಾ, ವಿಶಾಖಪಟ್ಟಣದಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹಡಗಿನಲ್ಲಿ ಬರಬೇಕು. ಮೂರು ದಿನದ ಸಮುದ್ರ ಯಾನ. ಕರೆಂಟ್ ಕೂಡ ಬಹುಪಾಲು ಡೀಸೆಲ್ ಸುಟ್ಟು ಮಾಡಿದ್ದು. ಇಷ್ಟು ಮಳೆ ಬೀಳುವ ಊರಿನಲ್ಲಿ ಬೇಸಿಗೆ ಬಂದರೆ ಕುಡಿಯುವ ನೀರಿಗೆ ತತ್ವಾರ. ಪೋರ್ಟ್ ಬ್ಲೇರ್ ಹೆಚ್ಚಾಗಿ ನಂಬಿರುವುದು ಧನಿಖಾರಿ ಎಂಬ ಒಂದು ಅಣೆಕಟ್ಟನ್ನು. ಬಿದ್ದ ಮಳೆ ಹಿಡಿದಿಡಲು ಜಾಗ ಇಲ್ಲ, ಸಮುದ್ರಕ್ಕೆ ಹರಿದುಹೋಗುತ್ತದೆ. ಏಪ್ರಿಲ್‌ನಲ್ಲಿ ಊರಿನವರು ನಲ್ಲಿ ನೀರಿಗೆ ಕಾಯುತ್ತಿರುವಾಗ ನಾವು ಹೋಟೆಲಿನಲ್ಲಿ ಅರ್ಧ ಗಂಟೆ ಶವರ್ ಕೆಳಗೆ ನಿಲ್ಲುವುದು ಸರಿಯಲ್ಲ, ಅಲ್ವಾ? ಪ್ಲಾಸ್ಟಿಕ್ ಕೂಡ ಹಾಗೇ. ಬಂದದ್ದು ಅಲ್ಲೇ ಉಳಿಯುತ್ತದೆ. ವಂಡೂರಿನ ಸಮುದ್ರ ರಾಷ್ಟ್ರೀಯ ಉದ್ಯಾನದಿಂದ ಜಾಲಿ ಬಾಯ್ ದ್ವೀಪಕ್ಕೆ ಹೋಗುವಾಗ ಬ್ಯಾಗ್ ತೆಗೆದು ಪ್ಲಾಸ್ಟಿಕ್ ನೋಡುತ್ತಾರೆ. ಉಳಿದ ಕಡೆ ಯಾರೂ ನೋಡದಿದ್ದರೂ ಸ್ಟೀಲ್ ಬಾಟಲಿ ಒಯ್ಯಿರಿ. ಖಾಲಿ ಪೊಟ್ಟಣಗಳನ್ನು ಊರಿಗೆ ವಾಪಸ್ ತನ್ನಿ.

ಫೋನ್, ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಎಳೆದ ಮೇಲೆ ಇಂಟರ್ನೆಟ್ ಮೊದಲಿಗಿಂತ ಎಷ್ಟೋ ವಾಸಿ. ಆದರೂ ಸಣ್ಣ ದ್ವೀಪಗಳಲ್ಲಿ ಯುಪಿಐ ಕೈಕೊಡುತ್ತದೆ, ಎಟಿಎಂ ಖಾಲಿ ಇರುತ್ತದೆ. ನಗದು ಪೋರ್ಟ್ ಬ್ಲೇರ್‌ನಲ್ಲೇ ತೆಗೆದುಕೊಳ್ಳಿ. ಟಿಕೆಟ್‌ಗಳನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಬೀಚಿನ ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊಣಗಳು ಕಚ್ಚುತ್ತವೆ, ವಾರಗಟ್ಟಲೆ ತುರಿಸುತ್ತದೆ. ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋಗಿ. ಬರೀ ಮರಳಿನ ಮೇಲೆ ಕೂರಬೇಡಿ, ಬಟ್ಟೆ ಹಾಸಿಕೊಂಡು ಕೂರಿ.

ಹಿರಿಯರೊಬ್ಬರು ಕೈ ಎತ್ತಿದರು. "ನಮಗೆ ಎಪ್ಪತ್ತು ದಾಟಿದೆ. ನಾವು ಹೋಗಬಹುದೇನಮ್ಮಾ?"

ಖಂಡಿತ ಹೋಗಿ ಸರ್. ದೊಡ್ಡ ಹಡಗುಗಳು ತೊಂದರೆ ಇಲ್ಲ, ಹತ್ತಿ ಇಳಿಯುವಾಗ ಯಾರಾದರೂ ಕೈ ಹಿಡಿಯಲಿ. ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚಿಗೆ ಒಯ್ಯುವ ಸಣ್ಣ ಸ್ಪೀಡ್ ಬೋಟ್ ಬೇಡ. ಅಲೆಯ ಮೇಲೆ ಕುಕ್ಕಿ ಕುಕ್ಕಿ ಹೋಗುತ್ತದೆ, ಬೆನ್ನಿಗೆ ಒಳ್ಳೆಯದಲ್ಲ. ಗರ್ಭಿಣಿಯರಿಗೂ ಇದೇ ಮಾತು. ದೊಡ್ಡ ಆಸ್ಪತ್ರೆ ಇರುವುದು ಪೋರ್ಟ್ ಬ್ಲೇರ್‌ನಲ್ಲಿ. ಜಿ.ಬಿ. ಪಂತ್ ಆಸ್ಪತ್ರೆ, ಸೆಲ್ಯುಲರ್ ಜೈಲಿನ ಆವರಣದಲ್ಲೇ ಇದೆ. ಜೈಲಿನ ಏಳು ಸಾಲುಗಳಲ್ಲಿ ಈಗ ಮೂರು ಮಾತ್ರ ಉಳಿದಿವೆ. ಹಿರಿಯರು ಅಲ್ಲಿ ಒಂದಿಡೀ ಬೆಳಿಗ್ಗೆ ಕಳೆಯಬೇಕು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಕರಿನೀರಿನ ಶಿಕ್ಷೆ ಎಂದರೆ ಮನೆಯವರು ಆಸೆ ಬಿಡುತ್ತಿದ್ದರು. ಆ ಕೋಣೆಗಳ ಮುಂದೆ ನಿಂತರೆ ಯಾಕೆ ಎಂದು ಅರ್ಥವಾಗುತ್ತದೆ. ಯಾವ ದಿನ ರಜೆ ಎಂದು ಹೋಗುವ ಮುಂಚೆ ಒಮ್ಮೆ ವಿಚಾರಿಸಿ.

ಸುನಾಮಿ ಬಗ್ಗೆ ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ ಪುಟ್ಟಾ. 2004ರ ಡಿಸೆಂಬರ್ 26ರ ಬೆಳಿಗ್ಗೆ ಆರೂವರೆಗೆ ಭೂಕಂಪ ಆಯಿತು. ಆಮೇಲೆ ಅಲೆ ಬಂತು. ನಿಕೋಬಾರ್‌ನಲ್ಲಿ ಊರೂರೇ ಕೊಚ್ಚಿಹೋದವು. ಅಂಡಮಾನಿನ ನೆಲವೇ ಓರೆಯಾಯಿತು. ಉತ್ತರದ ಕಡೆ ಮೇಲೆದ್ದು ಹವಳಗಳು ನೀರಿನಿಂದ ಹೊರಬಂದು ಸತ್ತವು. ದಕ್ಷಿಣದ ಕಡೆ ಕುಸಿದು ಗದ್ದೆಗಳು ಮುಳುಗಿದವು. ಪೋರ್ಟ್ ಬ್ಲೇರ್ ಹತ್ತಿರ ಸಿಪ್ಪಿಘಾಟ್‌ನಲ್ಲಿ ನೋಡಬಹುದು. ನೀನು ನೆನಪಿಡಬೇಕಾದದ್ದು ಇಷ್ಟು. ಬೀಚಿನಲ್ಲಿದ್ದಾಗ ನಿಲ್ಲಲಾಗದಷ್ಟು ನೆಲ ನಡುಗಿದರೆ, ಅಥವಾ ನೀರು ಏಕಾಏಕಿ ದೂರ ಸರಿದರೆ, ಯಾರ ಆದೇಶಕ್ಕೂ ಕಾಯಬೇಡ. ಚಪ್ಪಲಿ, ಬ್ಯಾಗು ಬಿಟ್ಟು ಎತ್ತರದ ಜಾಗಕ್ಕೆ ಓಡು. ಮೊದಲ ಅಲೆ ಹೋದ ಮೇಲೂ ಕೆಳಗಿಳಿಯಬೇಡ. ಎರಡನೆಯದು, ಮೂರನೆಯದು ಇನ್ನೂ ದೊಡ್ಡದಿರಬಹುದು.

ಕೊನೆಯದಾಗಿ ಬಾರಾಟಾಂಗ್ ದ್ವೀಪ. "ಅಲ್ಲಿ ಸುಣ್ಣಕಲ್ಲಿನ ಗುಹೆ, ಮಣ್ಣಿನ ಜ್ವಾಲಾಮುಖಿ ಇದೆಯಂತೆ, ದಾರಿಯಲ್ಲಿ ಜಾರವಾಗಳನ್ನೂ ನೋಡಬಹುದಂತೆ" ಎಂದು ಒಬ್ಬರು ಹೇಳಿದರು. ಈ 'ನೋಡಬಹುದಂತೆ' ಬಗ್ಗೆ ನನಗೆ ಹೇಳಲೇಬೇಕಾಗಿದೆ.

ಬಾರಾಟಾಂಗ್‌ಗೆ ಹೋಗುವ ಅಂಡಮಾನ್ ಟ್ರಂಕ್ ರೋಡ್ ಅಲ್ಲಿನ ಮೂಲನಿವಾಸಿಗಳಾದ ಜಾರವಾಗಳ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಅವರು ಸಾವಿರಾರು ವರ್ಷಗಳಿಂದ ಅಲ್ಲಿದ್ದಾರೆ. ಈಗ ಉಳಿದಿರುವುದು ಕೆಲವೇ ನೂರು ಜನ. 1990ರ ದಶಕದ ಕೊನೆಯವರೆಗೂ ಹೊರಗಿನವರನ್ನು ಹತ್ತಿರ ಬಿಟ್ಟುಕೊಂಡವರಲ್ಲ. ಬಿಟ್ಟುಕೊಂಡ ಸ್ವಲ್ಪ ದಿನದಲ್ಲೇ ಅವರಲ್ಲಿ ದಡಾರ ಹರಡಿತು. ನಮಗೆ ಮಾಮೂಲಿಯಾದ ಕಾಯಿಲೆಗಳಿಗೆ ಅವರ ಮೈಯಲ್ಲಿ ತಡೆ ಇಲ್ಲ. 2002ರಲ್ಲೇ ಸುಪ್ರೀಂ ಕೋರ್ಟ್ ಅವರ ಕಾಡಿನ ಮೂಲಕ ಹೋಗುವ ಈ ರಸ್ತೆಯನ್ನು ಮುಚ್ಚಲು ಹೇಳಿತ್ತು. ರಸ್ತೆ ಇವತ್ತಿಗೂ ತೆರೆದೇ ಇದೆ. ಜಿರ್ಕಾಟಾಂಗ್‌ನಲ್ಲಿ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಪೊಲೀಸರ ಜೊತೆ ಗೊತ್ತಾದ ಹೊತ್ತಿಗೆ ಬಿಡುತ್ತಾರೆ. 2012ರಲ್ಲಿ ಒಂದು ವಿಡಿಯೋ ಹೊರಬಂತು. ಪ್ರವಾಸಿಗರಿಗಾಗಿ ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ವಿಡಿಯೋ. ಅದನ್ನು ನೋಡಿದವರಿಗೆ ಆ ದಾರಿಯಲ್ಲಿ ಸುಮ್ಮನೆ ಹೋಗಲು ಮನಸ್ಸಾಗುವುದಿಲ್ಲ. ನಾನಂತೂ ಈಗ ಹೋಗುವುದಿಲ್ಲ. ಐದು ದಿನದ ಪ್ರವಾಸದಲ್ಲಿ ಒಂದಿಡೀ ದಿನ ಅದಕ್ಕೇ ಹೋಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಡಬೇಕು. ಗುಹೆ ಚೆನ್ನಾಗಿದೆ, ನಿಜ. ಆದರೆ ನಮ್ಮ ಒಂದು ದಿನದ ನೋಟಕ್ಕೆ ಅವರ ಬದುಕಿನ ನಡುವೆ ಇನ್ನೊಂದು ಗಾಡಿ 'ಸೇರುವುದು' ಬೇಡ ಎನಿಸುತ್ತದೆ.

ಹೋಗಲೇಬೇಕು ಎನ್ನುವವರು ಕಾನೂನನ್ನಾದರೂ ತಿಳಿದು ಹೋಗಿ. ಮೂಲನಿವಾಸಿಗಳ ರಕ್ಷಣೆಗೆ 1956ರ ನಿಯಮ ಇದೆ. ಗಾಡಿ ನಿಲ್ಲಿಸುವ ಹಾಗಿಲ್ಲ, ಕಿಟಕಿ ಇಳಿಸುವ ಹಾಗಿಲ್ಲ. ಫೋಟೋ, ವಿಡಿಯೋ ತೆಗೆಯುವುದು, ಬಿಸ್ಕತ್ತು ಬಾಳೆಹಣ್ಣು ಎಸೆಯುವುದು ಅಪರಾಧ, ಜೈಲಾಗುತ್ತದೆ. ಫೋನು ಬ್ಯಾಗಿನೊಳಗಿರಲಿ. ಮಕ್ಕಳಿಗೆ ಮೊದಲೇ ಹೇಳಿಕೊಡಿ, ದಾರಿಯಲ್ಲಿ ಯಾರಾದರೂ ಕಂಡರೆ ಬೆರಳು ಮಾಡಿ ತೋರಿಸಬಾರದು, ಕೂಗಬಾರದು ಎಂದು. ಟಿಕೆಟ್ ಮಾಡಿಸುವಾಗ ಏಜೆಂಟ್ ಫೋನಿನಲ್ಲಿ "ಜಾರವಾಗಳನ್ನು ತೋರಿಸ್ತೀವಿ ಸರ್" ಎಂದರೆ, ಅವನ ಹತ್ತಿರ ಹೋಟೆಲು, ಹಡಗು, ಬೇರೆ ಏನನ್ನೂ ಬುಕ್ ಮಾಡಬೇಡಿ. ಯಾಕೆ ಮಾಡುತ್ತಿಲ್ಲ ಎಂದು ಅವನಿಗೆ ಹೇಳಿಯೇ ಫೋನ್ ಇಡಿ.